ನಗೆಯ ಬರವಣಿಗೆ, ಬೇಸ್‌ಬಾಲ್ ವಿವರಣೆ: ಅಭಿಮಾನಿಗಳ ಪ್ರಶ್ನೆಗಳ ಸುತ್ತ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಿರುತೆರೆಗೆ ಹಾಸ್ಯ ಧಾರಾವಾಹಿ ಬರೆಯುವುದು ಒಂದು ಕಸುಬು, ಬೇಸ್‌ಬಾಲ್ ಪಂದ್ಯವನ್ನು ರೇಡಿಯೋದಲ್ಲಿ ಬಣ್ಣಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಉಪನ್ಯಾಸದಲ್ಲಿ ಎತ್ತಿಕೊಳ್ಳಲು ಕಾರಣ ಕೆನ್ ಲೆವೈನ್ ಎಂಬ ಬರಹಗಾರರು. 1950ರಲ್ಲಿ ಹುಟ್ಟಿ ಲಾಸ್ ಏಂಜಲೀಸ್ ಸೀಮೆಯಲ್ಲಿ ಬೆಳೆದ ಅವರು, ಡೇವಿಡ್ ಐಸಾಕ್ಸ್ ಅವರೊಡನೆ ಜೋಡಿಯಾಗಿ 'ಮ್ಯಾಶ್', 'ಚಿಯರ್ಸ್', 'ಫ್ರೇಷರ್' ಧಾರಾವಾಹಿಗಳಿಗೆ ಬರೆದರು. ಜೊತೆಗೆ ಬಾಲ್ಟಿಮೋರ್ ಓರಿಯೋಲ್ಸ್, ಸಿಯಾಟಲ್ ಮ್ಯಾರಿನರ್ಸ್, ಸ್ಯಾನ್ ಡಿಯೇಗೊ ಪಾಡ್ರೆಸ್ ತಂಡಗಳ ಪಂದ್ಯಗಳಿಗೆ ವೀಕ್ಷಕ ವಿವರಣೆಯನ್ನೂ ಕೊಟ್ಟರು. ಹೀಗಾಗಿ ಅವರಿಗೆ ಅಭಿಮಾನಿಗಳು ಎರಡೂ ಕಡೆಯ ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಧಾರಾವಾಹಿಯಲ್ಲಿ ಕೇಳಿಬರುವ ನಗು ನಿಜವಾದದ್ದೇ? ಆ ಒಂದು ಸಾಲನ್ನು ಬರೆದವರು ಯಾರು? ಮೈದಾನದಲ್ಲಿ ಏನೂ ನಡೆಯದಿರುವಾಗ ಏನು ಮಾತಾಡುತ್ತೀರಿ? ಈ ಕೆಲಸಕ್ಕೆ ಸೇರುವುದು ಹೇಗೆ?

ಇವು ಕೇವಲ ಕುತೂಹಲದ ಪ್ರಶ್ನೆಗಳೆಂದು ನಾನು ಭಾವಿಸುವುದಿಲ್ಲ. ಪ್ರತಿಯೊಂದೂ ಕಸುಬಿನ ಬುಡಕ್ಕೇ ಕೈಹಾಕುತ್ತದೆ. ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ನಮ್ಮ ಕಿವಿಗೆ ಥಟ್ಟನೆ ಹೊಳೆದಂತೆ ಕೇಳಿಸುವ ಮಾತಿನ ಹಿಂದೆ ಎರಡೂ ಕಡೆ ದೊಡ್ಡ ಸಿದ್ಧತೆ ಇರುತ್ತದೆ, ಮತ್ತು ಆ ಸಿದ್ಧತೆಯ ಬಹುಪಾಲನ್ನು ಸಮಯ ಬಂದಾಗ ಕೈಬಿಡುವುದೇ ಈ ಕಸುಬುಗಳ ಅತ್ಯಂತ ಕಷ್ಟದ ಭಾಗ.

ಮೊದಲು ನಗುವಿನ ಪ್ರಶ್ನೆ. ಇದಕ್ಕೆ ಧಾರಾವಾಹಿಯಿಂದ ಧಾರಾವಾಹಿಗೆ ಉತ್ತರ ಬೇರೆ. 1972ರಿಂದ 1983ರವರೆಗೆ ಪ್ರಸಾರವಾದ 'ಮ್ಯಾಶ್' ಕೊರಿಯಾ ಯುದ್ಧಕಾಲದ ಸೇನಾ ಶಸ್ತ್ರಚಿಕಿತ್ಸಾ ಶಿಬಿರದ ಕಥೆ. ಅದನ್ನು ಸಿನಿಮಾದಂತೆ ಒಂದೇ ಕ್ಯಾಮೆರಾದಲ್ಲಿ, ಪ್ರೇಕ್ಷಕರಿಲ್ಲದೆ ಚಿತ್ರಿಸುತ್ತಿದ್ದರು. ಆದರೂ ಪ್ರಸಾರ ಮಾಡುತ್ತಿದ್ದ ಸಿಬಿಎಸ್ ವಾಹಿನಿ, ಹಾಸ್ಯವೆಂದ ಮೇಲೆ ನಗು ಕೇಳಿಸಲೇಬೇಕೆಂದು ಪಟ್ಟುಹಿಡಿದು ಧ್ವನಿಮುದ್ರಿತ ನಗುವನ್ನು ಸೇರಿಸಿತು. ನಿರ್ಮಾಪಕರು ಹೋರಾಡಿ ಪಡೆದ ಒಂದು ವಿನಾಯಿತಿ ಎಂದರೆ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳು. ಅಲ್ಲಿ ವೈದ್ಯರು ಎಷ್ಟೇ ಚಟಾಕಿ ಹಾರಿಸಿದರೂ ಹಿನ್ನೆಲೆಯಲ್ಲಿ ಯಾರೂ ನಗುವುದಿಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ ಇದೇ ಧಾರಾವಾಹಿಯನ್ನು ಆ ನಗುವಿಲ್ಲದೆ ಪ್ರಸಾರ ಮಾಡಿತು. ಎರಡೂ ರೂಪಗಳನ್ನು ನೋಡಿದವರಿಗೆ ಅದು ಎರಡು ಬೇರೆ ಬೇರೆ ಕೃತಿಗಳಂತೆ ಅನಿಸುತ್ತದೆ. ನನ್ನ ಮಟ್ಟಿಗೆ ನಗುವಿಲ್ಲದ ರೂಪವೇ ಬರಹಗಾರರ ಮನಸ್ಸಿಗೆ ಹತ್ತಿರವಾದದ್ದು.

'ಚಿಯರ್ಸ್' ಇದಕ್ಕೆ ತದ್ವಿರುದ್ಧ. ಬಾಸ್ಟನ್ನಿನ ಒಂದು ಬಾರ್‌ನಲ್ಲಿ ನಡೆಯುವ ಈ ಧಾರಾವಾಹಿಯನ್ನು ಸ್ಟುಡಿಯೋದಲ್ಲಿ ಕೂತ ಪ್ರೇಕ್ಷಕರ ಎದುರು, ಹಲವು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರಿಸುತ್ತಿದ್ದರು. ಈ ಪದ್ಧತಿಗೆ ಗಟ್ಟಿ ತಳಪಾಯ ಹಾಕಿದ್ದು 1951ರಲ್ಲಿ ಆರಂಭವಾದ 'ಐ ಲವ್ ಲೂಸಿ'. ಅದರ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಮೂರು ಫಿಲ್ಮ್ ಕ್ಯಾಮೆರಾಗಳಿಗೂ ಒಟ್ಟಿಗೆ ಒಪ್ಪುವಂತೆ ಬೆಳಕಿನ ವ್ಯವಸ್ಥೆ ಮಾಡಿದ್ದರಿಂದ, ನಟರು ನಾಟಕದಂತೆ ದೃಶ್ಯವನ್ನು ಇಡಿಯಾಗಿ ಅಭಿನಯಿಸಲು ಸಾಧ್ಯವಾಯಿತು. ಅಂದರೆ ಇಲ್ಲಿ ಪ್ರೇಕ್ಷಕರ ನಗು ಆಮೇಲೆ ಅಂಟಿಸುವ ಅಲಂಕಾರವಲ್ಲ. ನಟನು ಮುಂದಿನ ಮಾತನ್ನು ಯಾವ ಕ್ಷಣದಲ್ಲಿ ಆಡಬೇಕೆಂಬುದನ್ನು ನಿರ್ಧರಿಸುವುದೇ ಅದು.

ಈ ಬಗೆಯ ಧಾರಾವಾಹಿಯ ಒಂದು ವಾರವನ್ನು ಹತ್ತಿರದಿಂದ ನೋಡೋಣ. ಮೊದಲ ದಿನ ನಟರೆಲ್ಲ ಮೇಜಿನ ಸುತ್ತ ಕೂತು ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದುತ್ತಾರೆ. ಬರಹಗಾರರು ಪೆನ್ಸಿಲ್ ಹಿಡಿದು, ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಾರೆ. ಆಮೇಲಿನ ದಿನಗಳಲ್ಲಿ ಹಗಲು ತಾಲೀಮು, ಸಂಜೆ ಅದರ ಪ್ರದರ್ಶನ, ಅದು ಮುಗಿದ ಮೇಲೆ ಬರಹಗಾರರ ಕೋಣೆಯಲ್ಲಿ ತಿದ್ದುಪಡಿ. ಒಂದು ದೃಶ್ಯ ನಿಲ್ಲಲಿಲ್ಲವೆಂದರೆ ಆ ಕೆಲಸ ನಡುರಾತ್ರಿ ದಾಟುತ್ತದೆ, ಮತ್ತು ಬೆಳಿಗ್ಗೆ ನಟರ ಕೈಗೆ ಬೇರೆ ಬಣ್ಣದ ಹೊಸ ಹಾಳೆಗಳು ಬರುತ್ತವೆ. ಚಿತ್ರೀಕರಣದ ರಾತ್ರಿಯೂ ಇದು ಮುಗಿಯುವುದಿಲ್ಲ. ಒಂದು ಸಾಲಿಗೆ ಪ್ರೇಕ್ಷಕರು ನಗದಿದ್ದರೆ ಬರಹಗಾರರು ಕ್ಯಾಮೆರಾಗಳ ಹಿಂದೆ ಗುಂಪುಗೂಡಿ, ಒಂದೆರಡು ನಿಮಿಷದಲ್ಲಿ ಬದಲಿ ಸಾಲನ್ನು ಹುಡುಕಿ ನಟನ ಕಿವಿಯಲ್ಲಿ ಹೇಳುತ್ತಾರೆ; ದೃಶ್ಯ ಮತ್ತೆ ನಡೆಯುತ್ತದೆ. ಸೋತ ಸಾಲು ಬರೆದವರಿಗೆ ಎಷ್ಟೇ ಪ್ರಿಯವಾಗಿದ್ದರೂ ಅಲ್ಲಿಗೆ ಅದರ ಕಥೆ ಮುಗಿಯಿತು.

ಆದ್ದರಿಂದಲೇ, ಆ ಸಾಲನ್ನು ಬರೆದವರು ಯಾರು ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ. ತೆರೆಯ ಮೇಲೆ ಒಬ್ಬರ ಅಥವಾ ಇಬ್ಬರ ಹೆಸರು ಮೂಡುತ್ತದೆ. ಮೊದಲ ಕರಡು ಅವರದೇ, ಕಥೆಯ ಹಂದರವೂ ಬಹುಮಟ್ಟಿಗೆ ಅವರದೇ. ಆದರೆ ಅಭಿಮಾನಿ ಮೆಚ್ಚಿ ನೆನಪಿಟ್ಟುಕೊಂಡ ಆ ಒಂದು ಸಾಲು ರಾತ್ರಿ ಹನ್ನೊಂದರ ಹೊತ್ತಿಗೆ ಕೋಣೆಯ ಮೂಲೆಯಲ್ಲಿ ಕೂತಿದ್ದ ಇನ್ಯಾರದೋ ಆಗಿರಬಹುದು. ಅವರು ತಮ್ಮ ಹೆಸರಿಲ್ಲದ ಕಂತಿಗೆ ತಮ್ಮ ಅತ್ಯುತ್ತಮ ಸಾಲನ್ನು ಕೊಡುತ್ತಾರೆ. ಮುಂದೊಂದು ವಾರ ಅವರ ಕಂತಿಗೆ ಬೇರೆಯವರು ಕೊಡುತ್ತಾರೆ. ಈ ಔದಾರ್ಯವಿಲ್ಲದ ಕೋಣೆಯಲ್ಲಿ ಒಳ್ಳೆಯ ಧಾರಾವಾಹಿ ಹುಟ್ಟಲಾರದು.

ಇನ್ನು ನಗು ಎಲ್ಲಿಂದ ಬರುತ್ತದೆ ಎಂಬ ಮಾತು. 'ಚಿಯರ್ಸ್' ನೋಡಿದವರಿಗೆ ನಾರ್ಮ್ ಎಂಬ ಪಾತ್ರದ ಪ್ರವೇಶ ನೆನಪಿರುತ್ತದೆ. ಅವನು ಬಾಗಿಲು ತೆರೆದು ಒಳಬಂದ ಕೂಡಲೇ ಬಾರಿನಲ್ಲಿರುವವರೆಲ್ಲ ಅವನ ಹೆಸರನ್ನು ಕೂಗುತ್ತಾರೆ. ಯಾರೋ ಒಬ್ಬರು ಹೇಗಿದ್ದೀಯ ಎಂದು ಕೇಳುತ್ತಾರೆ. ತನ್ನ ಸ್ಟೂಲಿನತ್ತ ನಡೆಯುತ್ತಲೇ ಅವನು ಒಂದು ಸಾಲಿನ ಉತ್ತರ ಕೊಡುತ್ತಾನೆ. ನೋಡುವುದಕ್ಕೆ ಇದಕ್ಕಿಂತ ಸರಳವಾದದ್ದು ಇಲ್ಲ. ಆದರೆ ಧಾರಾವಾಹಿ ಹನ್ನೊಂದು ಋತು ನಡೆಯಿತು, ಆ ಒಂದು ಸಾಲು ಪ್ರತಿ ಸಲವೂ ಹೊಸದಾಗಿರಬೇಕಿತ್ತು. ಜೊತೆಗೆ ಅದು ಬರಿಯ ಚಮತ್ಕಾರವಾಗಿದ್ದರೆ ಸಾಲದು. ಕೆಲಸ ಕೈಗೆ ಹತ್ತದ, ಮನೆಗೆ ಹೋಗಲು ಮನಸ್ಸಿಲ್ಲದ, ಬಿಯರ್ ಲೋಟದ ಮುಂದೆ ಮಾತ್ರ ನೆಮ್ಮದಿ ಕಾಣುವ ಆ ಮನುಷ್ಯ ಮಾತ್ರ ಆಡಬಲ್ಲ ಮಾತಾಗಿರಬೇಕಿತ್ತು. ಬೇರೆ ಪಾತ್ರದ ಬಾಯಿಗೂ ಒಪ್ಪುವ ಜೋಕನ್ನು ಒಳ್ಳೆಯ ಕೋಣೆ ತಿರಸ್ಕರಿಸುತ್ತದೆ. 1982ರ ಸೆಪ್ಟೆಂಬರಿನಲ್ಲಿ ಆರಂಭವಾದಾಗ ಈ ಧಾರಾವಾಹಿ ವೀಕ್ಷಕರ ಪಟ್ಟಿಯಲ್ಲಿ ತಳಭಾಗದಲ್ಲಿತ್ತು ಎಂಬುದನ್ನೂ ಹೇಳಬೇಕು. ಎನ್‌ಬಿಸಿ ವಾಹಿನಿ ತಾಳ್ಮೆ ತೋರಿದ್ದರಿಂದ ಅದು 1993ರವರೆಗೆ ಉಳಿಯಿತು, ಜನರಿಗೆ ಆ ಪಾತ್ರಗಳು ನೆರೆಹೊರೆಯವರಾಗಲು ಕಾಲ ಸಿಕ್ಕಿತು.

ಲೆವೈನ್ ಮತ್ತು ಐಸಾಕ್ಸ್ 'ಮ್ಯಾಶ್'ಗಾಗಿ ಬರೆದ ಕಂತುಗಳಲ್ಲಿ 1978ರ ಒಂದನ್ನು ಇಲ್ಲಿ ಹೆಸರಿಸಲೇಬೇಕು: 'ಪಾಯಿಂಟ್ ಆಫ್ ವ್ಯೂ'. ಅದರಲ್ಲಿ ಕ್ಯಾಮೆರಾವೇ ಗಾಯಗೊಂಡ ಸೈನಿಕನ ಕಣ್ಣು. ಗಂಟಲಿಗೆ ಪೆಟ್ಟಾಗಿರುವುದರಿಂದ ಅವನು ಮಾತಾಡಲಾರ. ವೈದ್ಯರು, ದಾದಿಯರು ಎಲ್ಲರೂ ಕ್ಯಾಮೆರಾದತ್ತ ಬಾಗಿ ಅವನೊಡನೆ ಮಾತಾಡುತ್ತಾರೆ. ಮುಖ್ಯ ಪಾತ್ರಕ್ಕೆ ಮಾತೇ ಇಲ್ಲದ ಕಂತನ್ನು ಮಾತಿನಿಂದ ಬದುಕುವ ಬರಹಗಾರರು ಬರೆದರು. ಸುತ್ತಲಿನವರ ಸ್ವಭಾವಗಳು ಅಷ್ಟು ಸ್ಪಷ್ಟವಾಗಿ ಬೇರೆಡೆ ಬಂದಿರುವುದು ಕಡಿಮೆ.

ಈಗ ಬೇಸ್‌ಬಾಲ್ ಕಡೆಗೆ ಬರೋಣ. ಕ್ರಿಕೆಟ್ ಬಲ್ಲ ನಮಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ: ಎಸೆತ ಮತ್ತು ಎಸೆತದ ನಡುವಿನ ಬಿಡುವು. ಬೇಸ್‌ಬಾಲ್‌ನಲ್ಲಿಯೂ ಪಂದ್ಯದ ಹೆಚ್ಚಿನ ಸಮಯ ಈ ಬಿಡುವೇ. ತಂಡವೊಂದು ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ ಆಟ. ಅಷ್ಟೂ ದಿನ ಒಂದೇ ದನಿ ಮನೆಮನೆಗೆ ಬರುತ್ತದೆ. ಈ ಪರಂಪರೆ ಶುರುವಾದದ್ದು 1921ರ ಆಗಸ್ಟ್ 5ರಂದು. ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರದಿಂದ ಹೆರಾಲ್ಡ್ ಆರ್ಲಿನ್ ಮೊದಲ ಬಾರಿಗೆ, ಅಮೆರಿಕದ ಅತ್ಯುನ್ನತ ದರ್ಜೆಯ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಪಂದ್ಯವೊಂದನ್ನು ರೇಡಿಯೋದಲ್ಲಿ ಬಣ್ಣಿಸಿದರು. ಮುಂದೆ 1930ರ ದಶಕದಲ್ಲಿ, ದೂರದ ಊರಿನ ಪಂದ್ಯವನ್ನು ಟೆಲಿಗ್ರಾಫ್ ಸಂದೇಶಗಳ ಆಧಾರದಿಂದ ಸ್ಟುಡಿಯೋದಲ್ಲಿ ಕೂತೇ ಮರುಸೃಷ್ಟಿಸಿ ಹೇಳುವ ರೂಢಿಯಿತ್ತು. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಅಯೋವಾದ ಡೆ ಮಾಯ್ನ್ ನಗರದಿಂದ ಶಿಕಾಗೋ ಕಬ್ಸ್ ಪಂದ್ಯಗಳನ್ನು ಹೀಗೆಯೇ ಹೇಳುತ್ತಿದ್ದರು. ಒಮ್ಮೆ ತಂತಿ ಸಂಪರ್ಕ ಕಡಿದುಹೋದಾಗ, ಬ್ಯಾಟುಗಾರ ಫೌಲ್ (ಆಟದ ಗೆರೆಯಾಚೆ ಹೋಗುವ ಹೊಡೆತ) ಮೇಲೆ ಫೌಲ್ ಹೊಡೆಯುತ್ತಿದ್ದಾನೆಂದು ಹೇಳುತ್ತಾ ಹಲವು ನಿಮಿಷ ತಳ್ಳಿದ ಪ್ರಸಂಗವನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಸ್ಕೋರಿಗೆ ಫೌಲ್‌ಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅದು ಅವರಿಗೆ ಹೊಳೆದ ಸುರಕ್ಷಿತ ದಾರಿ.

ಏನೂ ನಡೆಯದಾಗ ಏನು ಹೇಳುತ್ತೀರಿ ಎಂಬ ಪ್ರಶ್ನೆಗೆ ಮೊದಲ ಉತ್ತರ: ಸ್ಕೋರ್. ಇದು ಸಣ್ಣ ಮಾತೆನಿಸಬಹುದು. ಆದರೆ ಕಾರಿನಲ್ಲಿ ಈಗತಾನೇ ರೇಡಿಯೋ ಹಾಕಿದವನಿಗೆ ಬೇಕಾದದ್ದು ಅದೊಂದೇ. ಹಿಂದಿನ ತಲೆಮಾರಿನ ಹೆಸರಾಂತ ವಿವರಣೆಕಾರ ರೆಡ್ ಬಾರ್ಬರ್ ತಮ್ಮ ಮುಂದೆ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳುಗಡಿಯಾರವನ್ನು ಇಟ್ಟುಕೊಂಡು, ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳಿ ಅದನ್ನು ತಿರುಗಿಸುತ್ತಿದ್ದರು. ಎರಡನೆಯ ಉತ್ತರ ಕಥೆಗಳು: ಆಟಗಾರನ ಊರು, ಹಿಂದಿನ ಪಂದ್ಯದ ತಪ್ಪು, ಅವನ ತಂದೆಯ ಕೆಲಸ. ಇವನ್ನೆಲ್ಲ ಪಂದ್ಯಕ್ಕೆ ಮುಂಚೆ ಗಂಟೆಗಟ್ಟಲೆ ಕೂತು, ಆಟಗಾರರೊಡನೆ ಮಾತಾಡಿ ಸಂಗ್ರಹಿಸಬೇಕು. ಕಥೆ ಅರ್ಧಕ್ಕೆ ಬಂದಾಗ ಚೆಂಡು ಬ್ಯಾಟಿಗೆ ತಗುಲಿದರೆ ಅಲ್ಲಿಯೇ ಬಿಡಬೇಕು.

ಬಿಡುವ ಈ ವಿದ್ಯೆಯಲ್ಲಿ ವಿನ್ ಸ್ಕಲಿಯವರನ್ನು ಮೀರಿದವರಿಲ್ಲ. 1950ರಿಂದ 2016ರವರೆಗೆ, 67 ಋತುಗಳ ಕಾಲ ಅವರು ಡಾಡ್ಜರ್ಸ್ ತಂಡದ ದನಿಯಾಗಿದ್ದರು, ಮೊದಲು ಬ್ರೂಕ್ಲಿನ್‌ನಲ್ಲಿ, 1958ರಿಂದ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿಯ ಜನ ಮೈದಾನದಲ್ಲಿ ಕೂತು ಆಟ ನೋಡುತ್ತಲೇ ಟ್ರಾನ್ಸಿಸ್ಟರಿನಲ್ಲಿ ಅವರ ವಿವರಣೆ ಕೇಳುತ್ತಿದ್ದರು. ಬಾಲಕ ಲೆವೈನ್ ಕೂಡ ಆ ದನಿ ಕೇಳುತ್ತಲೇ ಬೆಳೆದವರು. 1965ರ ಸೆಪ್ಟೆಂಬರ್ 9ರಂದು ಡಾಡ್ಜರ್ಸ್ ಎಸೆತಗಾರ ಸ್ಯಾಂಡಿ ಕೂಫ್ಯಾಕ್ಸ್ ಎದುರಾಳಿಯ ಒಬ್ಬನೂ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ತಲುಪದಂತೆ ಇಡೀ ಪಂದ್ಯ ಎಸೆದ ರಾತ್ರಿ, ಸ್ಕಲಿ ಕೊನೆಯ ಇನ್ನಿಂಗ್ಸಿನಲ್ಲಿ ಗಡಿಯಾರದ ಸಮಯವನ್ನು ಮತ್ತೆ ಮತ್ತೆ ಹೇಳಿದರು. ರಾತ್ರಿ 9 ಗಂಟೆ 46 ನಿಮಿಷ ಎಂಬ ಆ ಕೊನೆಯ ಗುರುತು ಇಂದಿಗೂ ಅಭಿಮಾನಿಗಳ ಬಾಯಲ್ಲಿದೆ. 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ ಅಟ್ಲಾಂಟಾದಲ್ಲಿ 715ನೆಯ ಹೋಮ್‌ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದು ಬೇಬ್ ರೂತ್ ಅವರ ದಾಖಲೆಯನ್ನು ಮುರಿದಾಗ, ಸ್ಕಲಿ ಚೆಂಡು ಗೋಡೆ ದಾಟಿದ್ದನ್ನು ಹೇಳಿ ಸುಮ್ಮನಾದರು. ಜನರ ಕೂಗು ಮಾತ್ರ ಬಹಳ ಹೊತ್ತು ಕೇಳಿಬಂತು. ಆಮೇಲೆ ಮಾತಿಗೆ ಮರಳಿದಾಗ, ದಕ್ಷಿಣದ ರಾಜ್ಯವೊಂದರಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಜನ ಎದ್ದುನಿಂತು ಗೌರವ ಸಲ್ಲಿಸುತ್ತಿರುವುದರ ಮಹತ್ವವನ್ನು ಹೇಳಿದರು. ಎಂಟು ವರ್ಷದ ಹುಡುಗನಾಗಿದ್ದಾಗ ಮನೆಯ ದೊಡ್ಡ ರೇಡಿಯೋದ ಕೆಳಗೆ ಮಲಗಿ ಜನಸಮೂಹದ ಆರ್ಭಟವನ್ನು ಕೇಳುತ್ತಿದ್ದವರು ಅವರು. ಆ ಧ್ವನಿಗೆ ತಾನು ಅಡ್ಡಬರಬಾರದೆಂಬ ತಿಳಿವಳಿಕೆ ಅಲ್ಲಿಂದಲೇ ಬಂದಿರಬೇಕು.

ಹಾಸ್ಯ ಬರೆಯಬಲ್ಲವರಿಗೆ ವೀಕ್ಷಕ ವಿವರಣೆಯ ಕೆಲಸ ಸುಲಭವಲ್ಲವೇ ಎಂದೂ ಕೇಳುತ್ತಾರೆ. ಸಹಾಯವಾಗುತ್ತದೆ, ಆದರೆ ಒಂದು ಮಿತಿಯಲ್ಲಿ. ಮಿಲ್ವಾಕಿ ಬ್ರೂವರ್ಸ್ ತಂಡಕ್ಕೆ 1971ರಿಂದ 2024ರವರೆಗೆ ವಿವರಣೆ ನೀಡಿದ ಬಾಬ್ ಯೂಕರ್ ದೊಡ್ಡ ಹಾಸ್ಯಗಾರರು, ಕಿರುತೆರೆಯ ಹಾಸ್ಯ ಧಾರಾವಾಹಿಯಲ್ಲಿಯೂ ನಟಿಸಿದವರು. ಆದರೂ ಪಂದ್ಯ ಬಿಗಿಯಾದಾಗ ಅವರು ಶುದ್ಧ ವಿವರಣೆಕಾರರೇ ಆಗುತ್ತಿದ್ದರು. ಕೇಳುಗನಿಗೆ ಮೈದಾನ ಕಾಣುವುದಿಲ್ಲ. ಚೆಂಡು ಎಲ್ಲಿದೆ ಎಂಬುದನ್ನು ಬಿಟ್ಟು ಚಟಾಕಿ ಹಾರಿಸಿದರೆ ಅವನು ಕುರುಡನಾಗುತ್ತಾನೆ.

ಕೊನೆಯ ಪ್ರಶ್ನೆ, ಸೇರುವುದು ಹೇಗೆ. ಲೆವೈನ್ ಮತ್ತು ಐಸಾಕ್ಸ್ ಸೇನೆಯ ಮೀಸಲು ದಳದಲ್ಲಿ ಪರಿಚಯವಾಗಿ, ಯಾರೂ ಕೇಳದಿದ್ದರೂ ಮಾದರಿ ಸ್ಕ್ರಿಪ್ಟುಗಳನ್ನು ಬರೆದು, 1970ರ ದಶಕದ ನಡುಭಾಗದಲ್ಲಿ 'ದ ಜೆಫರ್ಸನ್ಸ್' ಎಂಬ ಹಾಸ್ಯ ಧಾರಾವಾಹಿಯ ಮೂಲಕ ಒಳಬಂದರು. ಬೇಸ್‌ಬಾಲ್‌ಗಾಗಿ ಲೆವೈನ್ ಇನ್ನೊಮ್ಮೆ ಮೊದಲಿನಿಂದ ಆರಂಭಿಸಬೇಕಾಯಿತು. ಹಾಲಿವುಡ್‌ನಲ್ಲಿ ಹೆಸರು ಮಾಡಿದ ಮೇಲೂ ಡಾಡ್ಜರ್ ಮೈದಾನದ ಮೇಲಂತಸ್ತಿನಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತು ಅಭ್ಯಾಸ ಮಾಡಿದರು. ಬಳಿಕ ಸಿರಾಕ್ಯೂಸ್ ಮತ್ತು ಟೈಡ್‌ವಾಟರ್ ಎಂಬ, ಮೇಜರ್ ಲೀಗ್‌ಗೆ ಆಟಗಾರರನ್ನು ಬೆಳೆಸುವ ಕಿರಿಯ ಲೀಗ್ ತಂಡಗಳಲ್ಲಿ ಕೆಲಸ ಮಾಡಿ, 1991ರಲ್ಲಿ ಬಾಲ್ಟಿಮೋರ್ ತಲುಪಿದರು. ಆ ಕಿರಿಯ ಲೀಗಿನ ಅನುಭವವೇ 1990ರಲ್ಲಿ ಈ ಜೋಡಿ ಕಾರ್ಟೂನ್ ಧಾರಾವಾಹಿ 'ದ ಸಿಂಪ್ಸನ್ಸ್'ಗೆ ಬರೆದ 'ಡ್ಯಾನ್ಸಿನ್ ಹೋಮರ್' ಕಂತಿಗೆ ಒದಗಿಬಂತು; ಅದರಲ್ಲಿ ಬರುವ ವಿವರಣೆಕಾರನ ದನಿ ಲೆವೈನ್ ಅವರದೇ.

ಈ ದಾರಿಗಳು ಈಗ ಕಿರಿದಾಗಿವೆ ಎಂಬುದು ನನಗೆ ನಿಜವಾದ ಆತಂಕದ ವಿಷಯ. ವರ್ಷಕ್ಕೆ 22 ಅಥವಾ 24 ಕಂತುಗಳ ಧಾರಾವಾಹಿಗಳ ಜಾಗದಲ್ಲಿ ಎಂಟು, ಹತ್ತು ಕಂತುಗಳ ಸರಣಿಗಳು ಬಂದಿವೆ. ಕೆಲವೇ ಬರಹಗಾರರನ್ನು ಕೆಲವೇ ವಾರಗಳಿಗೆ ಕೂಡಿಸಿ, ಚಿತ್ರೀಕರಣಕ್ಕೆ ಮುಂಚೆಯೇ ಮನೆಗೆ ಕಳಿಸುವ ಕಿರುಕೋಣೆಗಳು ಹುಟ್ಟಿವೆ. ತನ್ನ ಸಾಲು ಪ್ರೇಕ್ಷಕರ ಎದುರು ಸೋಲುವುದನ್ನು ಕಾಣದ ಬರಹಗಾರ ತಿದ್ದುವುದನ್ನು ಕಲಿಯುವುದೆಲ್ಲಿ? 2023ರಲ್ಲಿ ಬರಹಗಾರರ ಸಂಘ 148 ದಿನ ಮುಷ್ಕರ ಹೂಡಿ, ಕೋಣೆಯಲ್ಲಿ ಕನಿಷ್ಠ ಇಂತಿಷ್ಟು ಬರಹಗಾರರಿರಬೇಕೆಂಬ ನಿಯಮವನ್ನು ಒಪ್ಪಂದದಲ್ಲಿ ಸೇರಿಸಿಕೊಂಡದ್ದು ಈ ಕಾರಣಕ್ಕೇ ಮಹತ್ವದ್ದು. ಅದೇ ವರ್ಷ ಬೇಸ್‌ಬಾಲ್‌ಗೆ ಎಸೆತದ ಗಡಿಯಾರ ಬಂತು. ಬೇಸ್‌ಗಳು ಖಾಲಿಯಿದ್ದಾಗ 15 ಸೆಕೆಂಡಿನೊಳಗೆ ಎಸೆಯಬೇಕು. ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟಕ್ಕೆ ಇದರಿಂದ ಒಳ್ಳೆಯದೇ ಆಯಿತು ಎಂದು ನಾನು ಒಪ್ಪುತ್ತೇನೆ, ಆದರೆ ಸ್ಕಲಿಯವರ ಕಥೆಗಳು ಬೆಳೆದದ್ದು ಆ ಕಳೆದುಹೋದ ನಿಮಿಷಗಳಲ್ಲಿಯೇ. ಇದಕ್ಕೂ ಮುಂಚೆ, 2021ರಲ್ಲಿ, ಮೇಜರ್ ಲೀಗ್‌ಗೆ ಸೇರಿದ ಕಿರಿಯ ತಂಡಗಳ ಸಂಖ್ಯೆಯನ್ನು 120ಕ್ಕೆ ಇಳಿಸಲಾಯಿತು. ನಲವತ್ತಕ್ಕೂ ಹೆಚ್ಚು ಊರುಗಳು ಆ ಪಟ್ಟಿಯಿಂದ ಹೊರಬಿದ್ದವು.

ಆದ್ದರಿಂದ ಇಂದು ಈ ಪ್ರಶ್ನೆ ಕೇಳುವ ಯುವಕ ಯುವತಿಯರಿಗೆ, ಅವರು ಐಪಿಎಲ್ ಪಂದ್ಯಗಳಿಗೆ ಕನ್ನಡದಲ್ಲಿ ವಿವರಣೆ ಹೇಳಬೇಕೆಂದಿರುವವರಾದರೂ ಸರಿ, ನಾನು ಹೇಳುವುದು ಟೇಪ್ ರೆಕಾರ್ಡರಿನ ದಾರಿಯನ್ನೇ. ಈಗ ಅದು ಪ್ರತಿಯೊಬ್ಬರ ಫೋನಿನಲ್ಲಿದೆ. ಊರಿನ ಮೈದಾನದ ಒಂದು ಪಂದ್ಯವನ್ನು ಆರಂಭದಿಂದ ಕೊನೆಯವರೆಗೆ ಹೇಳಿ ಮುದ್ರಿಸಿಕೊಳ್ಳಿ. ಮಾರನೆಯ ದಿನ ಕಣ್ಣು ಮುಚ್ಚಿ ಕೇಳುತ್ತಾ, ಚೆಂಡು ಎಲ್ಲಿತ್ತೆಂಬುದು ನಿಮಗೇ ತಿಳಿಯದ ಜಾಗಗಳನ್ನೂ, ಐದು ನಿಮಿಷವಾದರೂ ಸ್ಕೋರ್ ಹೇಳದ ಜಾಗಗಳನ್ನೂ ಗುರುತು ಮಾಡಿಕೊಂಡು, ಮುಂದಿನ ಪಂದ್ಯಕ್ಕೆ ಹೋಗಿ.