ಕತ್ತರಿಸಿ ಅಂಟಿಸಿದ ಕಂಬಳಿಹುಳು

ಕೇಳುಗರಿಗೆ ನಮಸ್ಕಾರ. ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಎಂಬ ಮಕ್ಕಳ ಚಿತ್ರಪುಸ್ತಕದ, ಲಕ್ಷಾಂತರ ಮಕ್ಕಳು ಬಲ್ಲ ಆ ಹಸಿರು ಕಂಬಳಿಹುಳುವಿನ ಮೈ ಕುಂಚದಿಂದ ನೇರವಾಗಿ ಬರೆದದ್ದಲ್ಲ, ಕಾಗದ ಕತ್ತರಿಸಿ ಅಂಟಿಸಿದ್ದು. ಅದನ್ನು ಮಾಡಿದವರು ಲೇಖಕ, ಚಿತ್ರಕಾರ ಎರಿಕ್ ಕಾರ್ಲ್.

1929ರಲ್ಲಿ ಅಮೆರಿಕದ ಸಿರಕ್ಯೂಸ್‌ನಲ್ಲಿ ಹುಟ್ಟಿದ ಕಾರ್ಲ್, ಆರರ ವಯಸ್ಸಿಗೆ ತಂದೆತಾಯಿಯ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿದರು. ನಾಜಿಗಳು ನಿಷೇಧಿಸಿದ್ದ ಆಧುನಿಕ ಚಿತ್ರಗಳ ಪ್ರತಿಗಳನ್ನು ಅವರ ಚಿತ್ರಕಲಾ ಮೇಷ್ಟ್ರು ಗುಟ್ಟಾಗಿ ತೋರಿಸಿದರು. ಕುದುರೆ ನೀಲಿ ಬಣ್ಣದಲ್ಲೂ ಇರಬಹುದು ಎಂಬ ಧೈರ್ಯ ಅಲ್ಲಿಂದ ಬಂತು. 1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಮರಳಿದರು, ಜಾಹೀರಾತು ವಿನ್ಯಾಸ ಹೊಟ್ಟೆ ಹೊರೆಯಿತು. ಒಂದು ಜಾಹೀರಾತಿಗೆ ಮಾಡಿದ್ದ ಕೆಂಪು ಲಾಬ್‌ಸ್ಟರ್ ಲೇಖಕ ಬಿಲ್ ಮಾರ್ಟಿನ್ ಜೂನಿಯರ್ ಕಣ್ಣಿಗೆ ಬಿತ್ತು. 1967ರಲ್ಲಿ ಮಾರ್ಟಿನ್ ಬರೆದು ಕಾರ್ಲ್ ಚಿತ್ರ ಮಾಡಿದ ಕಂದು ಕರಡಿಯ ಪುಸ್ತಕ ಹೊರಬಂತು.

ಚಿತ್ರಗಳಿಗೆ ಮೊದಲು ಅಂಗಡಿಯ ಬಣ್ಣದ, ತೆಳ್ಳನೆಯ ಟಿಶ್ಯೂ ಕಾಗದ ಬಳಸುತ್ತಿದ್ದರು. ಅದು ಬೆಳಕಿಗೆ ಮಾಸುತ್ತದೆ. ಹಾಗಾಗಿ ಬಿಳಿ ಟಿಶ್ಯೂಗೆ ತಾವೇ ಅಕ್ರಿಲಿಕ್ ಬಣ್ಣ ಬಳಿಯತೊಡಗಿದರು. ಮೊದಲ ಲೇಪ ಪೂರ್ತಿ ಒಣಗಿದ ಮೇಲೆ ಎರಡನೆಯದು. ಅವಸರ ಮಾಡಿದರೆ ಎರಡೂ ಬಣ್ಣ ಕಲಸಿ ರಾಡಿಯಾಗುತ್ತದೆ, ನೀರು ಹೆಚ್ಚಾದರೆ ಕಾಗದ ಹರಿಯುತ್ತದೆ. ಎರಡನೆಯ ಲೇಪಕ್ಕೆ ಅಗಲ ಕುಂಚ, ಬೆರಳು, ಸ್ಪಂಜು, ಕಾರ್ಪೆಟ್ ತುಂಡು, ಏನಾದರೂ ಸರಿ. ಕೆಳಗಿನ ಬಣ್ಣ ಗೆರೆಗೆರೆಯಾಗಿ ಇಣುಕಬೇಕು, ಹುಳುವಿನ ಮೈಗೆ ಜೀವ ಬರುವುದೇ ಆ ಇಣುಕಿನಿಂದ. ಒಣಗಿದ ಹಾಳೆಗಳನ್ನು ಬಣ್ಣದ ಪ್ರಕಾರ ಡ್ರಾಯರ್‌ಗಳಲ್ಲಿ ಜೋಡಿಸಿಡುತ್ತಿದ್ದರು. ಚಿತ್ರ ಬೇಕಾದಾಗ ಹಾಳೆ ಆರಿಸಿ, ಆಕಾರ ಕತ್ತರಿಸಿ, ವಾಲ್‌ಪೇಪರ್ ಅಂಟಿನಿಂದ ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು. ಆ ಅಂಟು ತಕ್ಷಣ ಕಚ್ಚಿಕೊಳ್ಳುವುದಿಲ್ಲ, ತುಂಡನ್ನು ಕೂದಲೆಳೆಯಷ್ಟು ಸರಿಸಲು ಸಮಯ ಕೊಡುತ್ತದೆ. ಕಣ್ಣು, ರೋಮದಂಥ ಸಣ್ಣ ವಿವರಗಳಿಗೆ ಕ್ರೇಯಾನ್ ಸಾಕು.

ಪ್ರಾಣಿಸಂಗ್ರಹಾಲಯಕ್ಕೆ ಹೊರಟ ರೈಲಿನ ಎಣಿಕೆಯ ಪುಸ್ತಕಕ್ಕೆ 1970ರಲ್ಲಿ ಇಟಲಿಯ ಬೊಲೊನ್ಯ ಮಕ್ಕಳ ಪುಸ್ತಕ ಮೇಳದ ಬಹುಮಾನ ಬಂತು. 2003ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದವರು ಜೀವಮಾನದ ಸಾಧನೆಗಾಗಿ ಗೌರವಿಸಿದರು. 2021ರಲ್ಲಿ, 91ರ ವಯಸ್ಸಿನಲ್ಲಿ ಕಾರ್ಲ್ ತೀರಿಕೊಂಡರು.

ಆದರೆ ನನಗೆ ದೊಡ್ಡದಾಗಿ ಕಾಣುವುದು 1969ರ ಆ ಕಂಬಳಿಹುಳುವಿನ ಪುಸ್ತಕದ ತೂತುಗಳು. ಕಾಗದದ ರಾಶಿಗೆ ಪಂಚಿಂಗ್ ಯಂತ್ರ ಒತ್ತಿದಾಗ ಹೊಳೆದ ಕಲ್ಪನೆ ಅದು. ಕಾರ್ಲ್ ಯೋಚಿಸಿದ್ದು ಪುಸ್ತಕ ಕೊರೆಯುವ ಹುಳು. ಅದನ್ನು ಕಂಬಳಿಹುಳು ಮಾಡೋಣ ಎಂದವರು ಸಂಪಾದಕಿ ಆನ್ ಬೆನೆಡ್ಯೂಸ್. ಹುಳು ಹಣ್ಣು ಕೊರೆದು ತಿಂದಲ್ಲೆಲ್ಲ ಪುಟದಲ್ಲಿ ತೂತು: ಸೋಮವಾರ ಒಂದು ಸೇಬು, ಶುಕ್ರವಾರ ಐದು ಕಿತ್ತಳೆ. ಹಣ್ಣು ಹೆಚ್ಚಿದಂತೆ ಪುಟವೂ ಅಗಲವಾಗುತ್ತದೆ. ತೂತು ಹಾಳೆಯ ಎರಡೂ ಬದಿಗೆ ಸರಿಹೊಂದಬೇಕು, ತುಸು ಜರುಗಿದರೂ ಹುಳು ಹಣ್ಣಿನ ಹೊರಗೆ ಬೀಳುತ್ತದೆ. ಕೈಗೆಟುಕುವ ವೆಚ್ಚದಲ್ಲಿ ಇದನ್ನು ಮಾಡುವ ಮುದ್ರಣಾಲಯ ಅಮೆರಿಕದಲ್ಲಿ ಸಿಗಲಿಲ್ಲ. ಮೊದಲ ಮುದ್ರಣ ಜಪಾನಿನಲ್ಲಾಯಿತು. ಓದು ಬಾರದ ಮಗು ಆ ತೂತಿಗೆ ಬೆರಳು ತೂರಿಸಿ, ಆ ಕಡೆಯಿಂದ ಹೊರಬಂದ ಬೆರಳನ್ನೇ ಹುಳು ಎಂದು ತೋರಿಸುತ್ತದೆ.