ಆಟಿ ಮಳೆಯಲ್ಲಿ ಒಣಗಬೇಕಾದ ಸಮವಸ್ತ್ರ

ಕೇಳುಗರಿಗೆ ನಮಸ್ಕಾರ.

ಬೇಸಗೆ ರಜೆ ಮುಗಿದು ಶಾಲೆಯ ಗೇಟು ತೆರೆಯುತ್ತಿದ್ದಂತೆ ನಮ್ಮ ಕರಾವಳಿಗೆ ಮುಂಗಾರು ಬಂದಿಳಿಯುತ್ತದೆ. ಹೊಸ ಸಮವಸ್ತ್ರದ ಮಡಿಕೆ ಬಿಚ್ಚಿ ವಾರ ಕಳೆಯುವುದರೊಳಗೆ ಅದು ಒಮ್ಮೆಯಾದರೂ ತೊಪ್ಪೆಯಾಗಿರುತ್ತದೆ. ಮಕ್ಕಳಿಗೆ ಸಮವಸ್ತ್ರ ಕಡ್ಡಾಯ ಬೇಕೇ ಎಂಬ ಚರ್ಚೆ ಮಂಗಳೂರು, ಉಡುಪಿ ಕಡೆ ಎದ್ದಾಗಲೆಲ್ಲ ಶಿಸ್ತು, ಸಮಾನತೆ, ಹಕ್ಕು ಇಂಥ ದೊಡ್ಡ ಮಾತುಗಳೇ ಬರುತ್ತವೆ. 2022ರಲ್ಲಿ ಉಡುಪಿಯಿಂದ ಹೊರಟ ಹಿಜಾಬ್ ವಿವಾದದಲ್ಲಿ ಮಾರ್ಚ್ 15ರಂದು ಹೈಕೋರ್ಟು ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಬರೆದರು. ಆ ವಿಚಾರ ಬಹಳ ಚರ್ಚೆಯಾಗಿದೆ. ಆದರೆ ಜುಲೈ ತಿಂಗಳ ಬೆಳಿಗ್ಗೆ ಏಳು ಗಂಟೆಗೆ ಒಣಗದ ಅಂಗಿಯನ್ನು ಮಗುವಿಗೆ ತೊಡಿಸಬೇಕಾದ ತಾಯಿಯ ಕಷ್ಟ ಯಾರ ಮಾತಿನಲ್ಲೂ ಬರುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಸಮವಸ್ತ್ರ ಇರಬೇಕು ಎಂಬುದೇ ನನ್ನ ನಿಲುವು. ಬೀಡಿ ಕಟ್ಟಿ ಮನೆ ನಡೆಸುವವರ ಮಗುವೂ ಗಲ್ಫಿನಿಂದ ದುಡ್ಡು ಬರುವ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಊರು ಇದು. ದಿನಕ್ಕೊಂದು ಅಂಗಿಯ ಪೈಪೋಟಿ ತಪ್ಪಿದರೆ ಒಳ್ಳೆಯದೇ. ಆದರೆ ಹಾಕಲೇಬೇಕು ಎಂದು ಹೇಳುವ ಶಾಲೆ, ಈ ಊರಿನ ಮಳೆಗಾಲದಲ್ಲಿ ಹಾಕಲು ಆಗುವಂಥದ್ದನ್ನೇ ಆರಿಸಬೇಕು. ಆರಿಸುವಾಗ ಎಡವಿದರೆ ಸಮಾನತೆಯ ಮಾತೂ ಉಳಿಯುವುದಿಲ್ಲ. ಒಂದೇ ಬಣ್ಣದ ಎರಡು ಅಂಗಿ ಅಕ್ಕಪಕ್ಕ ಕುಳಿತಾಗ ಮಾಸಿದ್ದು ಯಾವುದು, ಹೊಸತು ಯಾವುದು ಎಂಬುದು ಎದ್ದು ಕಾಣುತ್ತದೆ.

ಮೊದಲು ಬಣ್ಣ. ನಮ್ಮದು ಮುರಕಲ್ಲಿನ ನೆಲ. ಇಲ್ಲಿಯ ಮಣ್ಣು ಕೆಂಪಾಗಿರುವುದು ಕಬ್ಬಿಣದ ಅಂಶದಿಂದ. ಈ ನೆಲದ ಮೇಲೆ ಆಡುವ ಆರು ವರ್ಷದ ಮಗುವಿಗೆ ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಶೂ ಕೊಡುವುದು ತಪ್ಪು ಆಯ್ಕೆ. ಕೆಸರು ಸಿಡಿದ ಕೂಡಲೇ ಉಜ್ಜಿದರೆ ಮಣ್ಣು ನೂಲಿನೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಬ್ರಷ್ಷಿನಲ್ಲಿ ಉದುರಿಸಿ, ಆಮೇಲೆ ತಣ್ಣೀರು, ಸಾಬೂನು. ಕಲೆ ಉಳಿಯಿತೆಂದು ಬ್ಲೀಚಿಂಗ್ ಪುಡಿಯ ನೀರಿಗೆ ಹಾಕುವವರು ಬಹಳ ಮಂದಿ. ಕ್ಲೋರಿನ್ ತಾಗಿದರೆ ಕಬ್ಬಿಣದ ಕಲೆ ಹೋಗುವ ಬದಲು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಬೇಕಾದದ್ದು ಹುಳಿ. ಹಿತ್ತಲಿನ ಬಿಂಬುಳಿ ಕಾಯಿಯನ್ನು ಜಜ್ಜಿ, ಇಲ್ಲವೇ ಲಿಂಬೆರಸಕ್ಕೆ ಉಪ್ಪು ಬೆರೆಸಿ, ಕಲೆಯ ಮೇಲೆ ಹದಿನೈದು ನಿಮಿಷ ಇಟ್ಟು ಚೆನ್ನಾಗಿ ಜಾಲಾಡಿಸಬೇಕು. ಬಿಂಬುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಕರಗಿಸಿ ಬಿಡಿಸುತ್ತದೆ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಒಮ್ಮೆ ಹಚ್ಚಿ ನೋಡಿ. ಕಲೆ ಹೋಗುವ ಮೊದಲು ಇಸ್ತ್ರಿ ಮುಟ್ಟಿಸಬೇಡಿ. ತಿಳಿಬೂದು, ಮಣ್ಣುಬಣ್ಣ, ಸಣ್ಣ ಚೌಕಳಿ ಇಂಥ ಬಟ್ಟೆ ಆರಿಸಿದ ಶಾಲೆಗಳ ಮಕ್ಕಳು ವರ್ಷದ ಕೊನೆಗೂ ಅಚ್ಚುಕಟ್ಟಾಗಿ ಕಾಣುತ್ತಾರೆ. ಬಾಸೆಲ್ ಮಿಶನ್ನಿನವರ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಟ್ಟೆ ಮಾಡಿದ್ದ ಊರು ಮಂಗಳೂರು. ಮಣ್ಣಿನ ಬಣ್ಣದ ಉಪಯೋಗ ನಮಗೆ ಹೊಸತಲ್ಲ.

ಇನ್ನು ಬಟ್ಟೆ. ನೂರು ಗ್ರಾಂ ಒಣ ಹತ್ತಿ ಸಾಧಾರಣ ಹವೆಯಲ್ಲೇ ಗಾಳಿಯಿಂದ ಸುಮಾರು 8 ಗ್ರಾಂ ನೀರು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಹಾಗಾಗಿ ಅಪ್ಪಟ ಹತ್ತಿ ಬೆವರಿಗೆ ಹಿತ, ಆದರೆ ಆಟಿಯಲ್ಲಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ಎರಡು ದಿನವಾದರೂ ಒಣಗಲಿಕ್ಕಿಲ್ಲ. ಅಪ್ಪಟ ಪಾಲಿಯೆಸ್ಟರ್ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ, ಆದರೆ ಮಾರ್ಚ್ ತಿಂಗಳ ಸೆಖೆಯಲ್ಲಿ ಬೆನ್ನಿಗೆ ಅಂಟಿ ಬೆವರುಸಾಲೆ ಏಳುತ್ತದೆ. ಅಂಗಿಗೆ ಹತ್ತಿ ಹೆಚ್ಚಿರುವ ಮಿಶ್ರಣ, ಚಡ್ಡಿ, ಲಂಗ, ಪ್ಯಾಂಟಿಗೆ 67 ಪಾಲು ಪಾಲಿಯೆಸ್ಟರಿಗೆ 33 ಪಾಲು ಹತ್ತಿ ಬೆರೆತ ಟೆರಿಕಾಟ್ ನಮ್ಮ ಹವೆಗೆ ಹೊಂದುತ್ತದೆ. ಅಂಗಡಿಯವರ ಮಾತಿನಲ್ಲಿ ಸಂಶಯವಿದ್ದರೆ ಅಂಚಿನ ನಾಲ್ಕು ನೂಲು ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಣಗಿಸುವುದರಲ್ಲೇ ಹೆಚ್ಚಿನ ತಪ್ಪು ಆಗುವುದು. ಶಾಲೆಯಿಂದ ಬಂದ ಒದ್ದೆ ಅಂಗಿಯನ್ನು ಬಕೆಟಿಗೆ ಹಾಕಿ ಬೆಳಗಿನವರೆಗೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮಳೆಗಾಲದ ಆ ಮುಗ್ಗಲು ವಾಸನೆ ಅದರದ್ದೇ. ಸಂಜೆಯೇ ಒಗೆದು, ಕೊನೆಯ ಜಾಲಾಟಕ್ಕೆ ಬಟ್ಟೆ ತಡೆಯುವಷ್ಟು ಬಿಸಿಯ ನೀರು ಬಳಸಿ. ಹಿಂಡಿದ ಅಂಗಿಯನ್ನು ಒಣ ಬೈರಾಸಿನ, ಅಂದರೆ ಟವೆಲಿನ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೊಣಕಾಲಿನಿಂದ ಒತ್ತಿ. ಕೈಯಲ್ಲಿ ಹಿಂಡಿದಾಗ ಉಳಿದ ನೀರು ಬೈರಾಸಿಗೆ ಹೋಗುತ್ತದೆ. ಆಮೇಲೆ ಹಗ್ಗಕ್ಕೆ ಮಡಚಿ ಹಾಕದೆ ಹ್ಯಾಂಗರಿಗೆ ಹಾಕಿ, ಗುಂಡಿ ಬಿಚ್ಚಿ, ಎರಡು ಅಂಗಿಯ ನಡುವೆ ಗೇಣು ಜಾಗ ಬಿಟ್ಟು ಫ್ಯಾನಿನ ಕೆಳಗೆ ತೂಗಿಸಿ. ಚಡ್ಡಿ, ಲಂಗ ಒಳಮೈ ಹೊರಗೆ ಮಾಡಿ, ಜೇಬು ಹೊರಗೆಳೆದು, ಸೊಂಟಪಟ್ಟಿ ಮೇಲೆ ಬರುವಂತೆ ಹಾಕಬೇಕು. ಕೊನೆಗೆ ಒಣಗುವುದು ಆ ಪಟ್ಟಿ, ಅದರೊಳಗಿನ ಇಲಾಸ್ಟಿಕ್. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಹೊಗೆಯ ವಾಸನೆ ಬಿಡುವುದಿಲ್ಲ, ಮಕ್ಕಳು ತರಗತಿಯಲ್ಲಿ ಅದಕ್ಕೇ ನಾಚುತ್ತಾರೆ. ಅರೆಒಣಗಿದ ಅಂಗಿಗೆ ಇಸ್ತ್ರಿ ಹಾಕಿ ಕೂಡಲೇ ಕಪಾಟಿನಲ್ಲಿಟ್ಟರೆ ಎರಡೇ ದಿನದಲ್ಲಿ ಕಾಲರಿನ ಮೇಲೆ ಬೂಷ್ಟಿನ ಕರಿಚುಕ್ಕೆ.

ಇಷ್ಟೆಲ್ಲ ಮಾಡಿದರೂ ಜುಲೈಯಲ್ಲಿ ಮೂರು ಜೊತೆ ಬೇಕು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ನಾಳೆಗೆ. ಸರಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಕೊಡುವ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕ ಮಗುವೊಂದಕ್ಕೆ ಎರಡು ಜೊತೆ, 600 ರೂಪಾಯಿ ಮಿತಿ. ದೇಶಕ್ಕೆಲ್ಲ ಒಂದೇ ಲೆಕ್ಕ ಅದು, ಕರಾವಳಿಯ ಮಳೆ ಅದರಲ್ಲಿ ಸೇರಿಲ್ಲ. ಮೂರನೆಯ ಜೊತೆ ಹೊಲಿಸಲಾಗದ ಮನೆಗಳ ಮಗು ಬಣ್ಣದ ಅಂಗಿಯಲ್ಲಿ ಬಂದರೆ ಹೊರಗೆ ನಿಲ್ಲಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದಲ್ಲಿ ಎರಡು ದಿನ ಸಮವಸ್ತ್ರಕ್ಕೆ ವಿನಾಯಿತಿ ಎಂದು ಶಾಲೆಯೇ ಡೈರಿಯಲ್ಲಿ ಬರೆದು ಕೊಡಲಿ.

ಶೂವಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಮಳೆಗಾಲದಲ್ಲಿ ಶೂ, ನೈಲಾನ್ ಕಾಲುಚೀಲ ಬೇಡ. ಒದ್ದೆ ಕಾಲುಚೀಲದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಇದ್ದ ಕಾಲಿನ ಬೆರಳ ಸಂದು ಬಿಳುಚಿ, ಸಿಪ್ಪೆ ಎದ್ದು, ತುರಿಸುತ್ತದೆ. ಅದು ಶಿಲೀಂಧ್ರದ ಸೋಂಕು. ಹಿಮ್ಮಡಿಗೆ ಪಟ್ಟಿ ಇರುವ ಪ್ಲಾಸ್ಟಿಕ್ ಚಪ್ಪಲಿ ಸಾಕು. ಟೈ, ಬ್ಲೇಜರು ಈ ಹವೆಗೆ ಯಾವ ತಿಂಗಳಲ್ಲೂ ಹೊಂದುವುದಿಲ್ಲ.

ಪೋಷಕರು ತಿಳಿದಿರಬೇಕಾದ ಕಾನೂನು ಒಂದಿದೆ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮದ ಪ್ರಕಾರ, ಶಾಲೆ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಕನಿಷ್ಠ 1 ವರ್ಷ ಮೊದಲೇ ಪೋಷಕರಿಗೆ ನೋಟಿಸು ಕೊಡಬೇಕು. ಇಂಥದ್ದೇ ಅಂಗಡಿಯಲ್ಲಿ ಕೊಳ್ಳಬೇಕು, ಇಂಥವರಲ್ಲೇ ಹೊಲಿಸಬೇಕು ಎಂದು ಕಡ್ಡಾಯ ಮಾಡುವಂತಿಲ್ಲ. ಶಾಲಾ ಸಭೆಯಲ್ಲಿ ಈ ನಿಯಮದ ಸಂಖ್ಯೆಯನ್ನೇ ಹೇಳಿ ಕೇಳಿ.

ಹಾಗಾಗಿ ನಿಮ್ಮ ಬೀದಿಯ ದರ್ಜಿಯಲ್ಲೇ ಹೊಲಿಸಬಹುದು. ಬಟ್ಟೆಯನ್ನು ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಪ್ರಾಥಮಿಕ ಶಾಲೆಯ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಎತ್ತರವಾಗುತ್ತದೆ. ಲಂಗ, ಪ್ಯಾಂಟಿನ ಕೆಳಗೆ 3 ಇಂಚು ಮಡಿಕೆ, ಅಂಗಿಯ ಎರಡೂ ಪಕ್ಕದ ಹೊಲಿಗೆಯಲ್ಲಿ ಮುಕ್ಕಾಲು ಇಂಚು ಒಳಬಟ್ಟೆ ಬಿಡಲು ಹೇಳಿ. ಬಿಚ್ಚಿದ ಮಡಿಕೆಯ ಗೆರೆ ಕಾಣುತ್ತದೆ ಎಂದು ಬೇಸರವಾದರೆ ವಿನೆಗರ್ ಬೆರೆಸಿದ ನೀರು ಚಿಮುಕಿಸಿ ಇಸ್ತ್ರಿ ಹಾಕಿ, ಮುಕ್ಕಾಲು ಭಾಗ ಮಾಯವಾಗುತ್ತದೆ. ಮಗುವಿಗೆ ಸಾಲದಾದ ಸಮವಸ್ತ್ರವನ್ನು ಏಪ್ರಿಲಿನಲ್ಲೇ ಬಿಸಿಲಿಗೆ ಒಣಗಿಸಿ, ಎದೆಸುತ್ತು ಎಷ್ಟು, ಉದ್ದ ಎಷ್ಟು ಎಂದು ಚೀಟಿಯಲ್ಲಿ ಬರೆದು ಪಿನ್ನು ಚುಚ್ಚಿ ಶಾಲೆಗೆ ಕೊಟ್ಟುಬಿಡಿ. ಮೂರನೆಯ ಜೊತೆ ಇಲ್ಲದ ಮಗುವಿಗೆ ಜೂನ್ ತಿಂಗಳ ಮೊದಲ ಮಳೆಗೇ ಅದು ಬೇಕಾಗುತ್ತದೆ.

ನಮಸ್ಕಾರ.