ಎಂ.ಎ. ಎಕನಾಮಿಕ್ಸ್ ಸೇರುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಡಿಗ್ರಿ ಮುಗಿಸಿ ಮುಂದಿನ ಓದಿಗೆ ಹೊರಟು ನಿಂತಿರುವ ಹುಡುಗರು, ಹುಡುಗಿಯರು ಈಗ ರೇಡಿಯೋ ಮುಂದೆ ಇದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಒಬ್ಬರಿಗೆ ಮಾನಸಗಂಗೋತ್ರಿಯಲ್ಲಿ ಸೀಟು ಸಿಕ್ಕಿರಬಹುದು, ಇನ್ನೊಬ್ಬರಿಗೆ ಧಾರವಾಡದ ಪಾವಟೆ ನಗರದಲ್ಲಿ, ಮತ್ತೊಬ್ಬರಿಗೆ ಜ್ಞಾನಭಾರತಿಯಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದು ದೂರದ ಊರಿಗೆ ಹೊರಟವರೂ ಇದ್ದೀರಿ. ಎಂ.ಎ. ಎಕನಾಮಿಕ್ಸ್ ಇರಲಿ, ಎಂ.ಕಾಂ. ಇರಲಿ, ಫೈನಾನ್ಸ್‌ನಲ್ಲಿ ಎಂ.ಎಸ್ಸಿ. ಇರಲಿ, ಕ್ಲಾಸು ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ದಿನ ಇದೆ. ಆ ದಿನಗಳಲ್ಲಿ ಏನು ಮಾಡಬೇಕು ಅಂತ ಹೇಳಿ ಎಂದು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ.

ದಿನಾ ಒಂದು ಗಂಟೆ ಪೆನ್ನು ಹಿಡಿದು ಲೆಕ್ಕ ಮಾಡಿ. ಅಷ್ಟೇ.

ಇಷ್ಟು ಹೇಳಿ ನಾನು ಎದ್ದು ಹೋಗಬಹುದು. ಆದರೆ ಸಮಯ ಕೊಟ್ಟಿದ್ದಾರೆ, ಇನ್ನೂ ಸ್ವಲ್ಪ ಮಾತಾಡುತ್ತೇನೆ.

ಪ್ರತಿ ವರ್ಷ ಈ ಹೊತ್ತಿಗೆ ನನಗೆ ಫೋನುಗಳು ಬರುತ್ತವೆ. "ಮೇಡಂ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" "ಮೇಡಂ, ಯಾವ ಚಾನೆಲ್ ನೋಡಲಿ?" "ಶೇರು ಮಾರ್ಕೆಟ್ ಕೋರ್ಸ್ ಒಂದಿದೆಯಂತೆ, ಸೇರಲಾ?" ಅಪ್ಪ, ಅಮ್ಮ ಫೋನ್ ಮಾಡಿದರೆ ಕೇಳುವುದು ಕೆಲಸ ಸಿಗುತ್ತಾ ಅಂತ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. ಲೆಕ್ಕ ಮಾಡಲಿ. ಅವರಿಗೆ ಬೇಜಾರಾಗುತ್ತದೆ. ಮೇಡಂ ಏನೂ ಹೇಳಲಿಲ್ಲ ಅಂದುಕೊಳ್ಳುತ್ತಾರೆ.

ಯಾಕೆ ಲೆಕ್ಕ? ಡಿಗ್ರಿಯಲ್ಲಿ ನೀವು ಬೇಡಿಕೆಯ ನಿಯಮವನ್ನು ಮಾತಿನಲ್ಲಿ ಬರೆದಿರಿ. ಎರಡು ಗೆರೆ ಎಳೆದು ಚಿತ್ರ ಬಿಡಿಸಿದಿರಿ, ಅಂಕ ಬಂತು. ಎಂ.ಎ.ಯಲ್ಲೂ ಬರುವುದು ಅದೇ ಬೇಡಿಕೆ. ಆದರೆ ಅಲ್ಲಿ ಅದು ಕ್ಯಾಲ್ಕುಲಸ್ ಹಿಡಿದುಕೊಂಡು ಬರುತ್ತದೆ. ಕೈಯಲ್ಲಿ ಇಷ್ಟು ದುಡ್ಡಿದೆ, ಅಕ್ಕಿಗೆ ಇಷ್ಟು ಬೆಲೆ, ಬಟ್ಟೆಗೆ ಇಷ್ಟು ಬೆಲೆ, ಎಷ್ಟೆಷ್ಟು ಕೊಂಡರೆ ಹೆಚ್ಚು ತೃಪ್ತಿ? ಇದನ್ನು ಲಗ್ರಾಂಜ್ ವಿಧಾನದಲ್ಲಿ ಬಿಡಿಸಿ ಅನ್ನುತ್ತಾರೆ. ಫೈನಾನ್ಸ್ ಕಡೆ ಹೋದರೆ ಹ್ಯಾರಿ ಮಾರ್ಕೋವಿಟ್ಜ್ 1952ರಲ್ಲಿ ತೋರಿಸಿಕೊಟ್ಟ ಪೋರ್ಟ್‌ಫೋಲಿಯೋ ಲೆಕ್ಕ, ಅಂದರೆ ದುಡ್ಡನ್ನು ಹಲವು ಶೇರುಗಳಲ್ಲಿ ಹಂಚುವ ಲೆಕ್ಕ, ಬರುತ್ತದೆ. ಎರಡು ಶೇರು ಸೇರಿಸಿದರೆ ಅಪಾಯ ಎರಡರ ಸರಾಸರಿ ಆಗುವುದಿಲ್ಲ, ಅವೆರಡೂ ಒಟ್ಟಿಗೆ ಏರಿಳಿಯುತ್ತವಾ ಅನ್ನುವುದರ ಮೇಲೆ ನಿಂತಿರುತ್ತದೆ. ಅದಕ್ಕೆ ವೇರಿಯನ್ಸ್ ಬೇಕು, ಕೋವೇರಿಯನ್ಸ್ ಬೇಕು, ಮ್ಯಾಟ್ರಿಕ್ಸ್ ಬೇಕು.

ಪಿಯುಸಿಯಲ್ಲಿ ಎಚ್‌ಇಪಿಎಸ್‌ನಂಥ ಗಣಿತವಿಲ್ಲದ ವಿಷಯಗುಂಪು ತೆಗೆದುಕೊಂಡ ಮಕ್ಕಳು ಎಸ್ಸೆಸ್ಸೆಲ್ಸಿಗೇ ಗಣಿತಕ್ಕೆ ಕೈಮುಗಿದು ಬಂದಿರುತ್ತಾರೆ. ಎಚ್‌ಇಬಿಎ, ಸಿಇಬಿಎ ಮಾಡಿದವರದೂ ಹೆಚ್ಚುಕಡಿಮೆ ಅದೇ ಕಥೆ. ಐದಾರು ವರ್ಷ ಮುಟ್ಟಿಯೇ ಇರುವುದಿಲ್ಲ. ಮೊದಲ ಸೆಮಿಸ್ಟರಿನ ಮೂರನೇ ವಾರಕ್ಕೆ ಬೋರ್ಡಿನ ಮೇಲೆ ಡೆಲ್ಟಾ, ಲ್ಯಾಂಬ್ಡಾ ಕಂಡ ಕೂಡಲೇ ಹೆದರಿಕೆ ಶುರು. ಬುದ್ಧಿ ಕಡಿಮೆ ಅಂತಲ್ಲ. ಕೈಗೆ ಅಭ್ಯಾಸ ತಪ್ಪಿದೆ, ಅಷ್ಟೇ.

ಇದಕ್ಕೆ ದುಬಾರಿ ಪುಸ್ತಕ ಬೇಡ. ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೇ ತರಗತಿಯ ಗಣಿತ ಪುಸ್ತಕ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದಬೇಡಿ. ತ್ರಿಕೋನಮಿತಿ ಸದ್ಯಕ್ಕೆ ಪಕ್ಕಕ್ಕಿಡಿ. ಡಿಫರೆನ್ಷಿಯೇಷನ್, ಗರಿಷ್ಠ ಕನಿಷ್ಠ ಕಂಡುಹಿಡಿಯುವುದು, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ಇಷ್ಟನ್ನು ಹಿಡಿಯಿರಿ. ಲಾಗರಿದಂ ಮರೆತಿದ್ದರೆ ಅದನ್ನೂ. ಉದಾಹರಣೆಯನ್ನು ಓದಿ ತಲೆಯಾಡಿಸಬೇಡಿ. ಉತ್ತರ ಮುಚ್ಚಿಟ್ಟು ನೀವೇ ಬಿಡಿಸಿ. ಸ್ವಯಂ, ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣಗಳ ಪಾಠಗಳೂ ಉಚಿತ, ಚೆನ್ನಾಗಿವೆ. ಆದರೆ ಸುಮ್ನೆ ವಿಡಿಯೋ ನೋಡುತ್ತಾ ಕೂತರೆ, ಪಕ್ಕದ ಎಲೆಯವರು ಉಂಡರೆ ನಮ್ಮ ಹೊಟ್ಟೆ ತುಂಬುತ್ತಾ?

ಈಗ ಒಂದು ಘಟನೆ ಹೇಳುತ್ತೇನೆ. ನನ್ನ ಶಿಷ್ಯರು ಇದನ್ನು ಎಷ್ಟೋ ಸಲ ಕೇಳಿದ್ದಾರೆ, ಅವರು ಕ್ಷಮಿಸಬೇಕು.

ಹಾವೇರಿ ಕಡೆಯ ಒಬ್ಬ ಹುಡುಗಿ ಎಂ.ಎ. ಸೇರುವ ಮುಂಚೆ ನನ್ನನ್ನು ನೋಡಲು ಬಂದಳು. ಬಿ.ಕಾಂ. ಮುಗಿಸಿದ್ದಳು, ಅಂಕ ಚೆನ್ನಾಗಿತ್ತು. ಜೊತೆಗೆ ಅಪ್ಪನೂ ಬಂದಿದ್ದರು. ಗೂಡ್ಸ್ ಆಟೋದಲ್ಲಿ ತರಕಾರಿ ಸಾಗಿಸುವ ಕೆಲಸ ಅವರದು. ಹುಡುಗಿ ಪುಸ್ತಕಗಳ ಪಟ್ಟಿ ಬೇಕು ಅಂದಳು. ನಾನು, "ನೆಟ್ ಪ್ರೆಸೆಂಟ್ ವ್ಯಾಲ್ಯೂ ಅಂದರೇನಮ್ಮಾ?" ಅಂದೆ. ಪಟಪಟ ಹೇಳಿದಳು: ಮುಂದೆ ಬರುವ ದುಡ್ಡಿನ ಇಂದಿನ ಬೆಲೆಯಲ್ಲಿ ಹಾಕಿದ ದುಡ್ಡು ಕಳೆದರೆ ಉಳಿಯುವುದು. "ಐಆರ್‌ಆರ್?" ಅದನ್ನೂ ಹೇಳಿದಳು: ಆ ಉಳಿಕೆಯನ್ನು ಸೊನ್ನೆ ಮಾಡುವ ಬಡ್ಡಿ ದರ. ಒಂದಕ್ಷರ ತಪ್ಪಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೇಡಂ, ನಂದೊಂದು ಸಾಲದ್ದು ಕೇಳ್ಲೇನ್ರೀ?" ಅಂತ ಜೇಬಿನಿಂದ ಒಂದು ಕಾಗದ ತೆಗೆದರು. ಯಾವುದೋ ಫೈನಾನ್ಸ್‌ನಲ್ಲಿ ಆಟೋ ಮೇಲೆ 1 ಲಕ್ಷ ಸಾಲ ಮಾಡಿದ್ದರು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ಶೇಕಡಾ 12. ಅಸಲು 1 ಲಕ್ಷ, ಬಡ್ಡಿ 12 ಸಾವಿರ. ಒಟ್ಟನ್ನು ಹನ್ನೆರಡು ಕಂತು ಮಾಡಿದ್ದರು. ತಿಂಗಳಿಗೆ 9,333 ರೂಪಾಯಿ.

"ಬ್ಯಾಂಕಿನ್ಯಾಗ 14 ಪರ್ಸೆಂಟ್ ಅಂದ್ರು. ಜಾಸ್ತಿ ಆತು ಅಂತ ಇಲ್ಲಿ ತಗೊಂಡೆ. ಆದ್ರ ಒಂದು ತಿಳೀವಲ್ದು ನೋಡ್ರಿ. ನಾ ತಿಂಗಳಾ ತಿಂಗಳಾ ಅಸಲೂ ಕಟ್ಟಾಕತ್ತೇನಿ. ಬಡ್ಡಿ ಮಾತ್ರ ಪೂರಾ ಲಕ್ಷಕ್ಕ ಹಾಕ್ಯಾರಲ್ಲ, ಹೆಂಗ್ರೀ ಅದು?"

ನೋಡಿ, ಎಂಥ ಪ್ರಶ್ನೆ! ಕಾರ್ಪೊರೇಟ್ ಫೈನಾನ್ಸ್‌ನ ಅರ್ಧ ಪಾಠ ಆ ಪ್ರಶ್ನೆಯಲ್ಲಿದೆ. ನಾನು ಮಗಳ ಕಡೆ ತಿರುಗಿದೆ. "ಅಪ್ಪ ನಿಜವಾಗಿ ಕಟ್ಟುತ್ತಿರುವ ಬಡ್ಡಿ ದರ ಎಷ್ಟಮ್ಮಾ?" ಅವಳು ಕಾಗದ ನೋಡಿ, "12 ಮೇಡಂ" ಅಂದಳು. ಐಆರ್‌ಆರ್ ಅಂದರೇನು ಅಂತ ಆಗಷ್ಟೇ ಹೇಳಿದ್ದ ಹುಡುಗಿ! ಅಪ್ಪ ಕೇಳಿದ್ದು ಅದನ್ನೇ ಅಂತ ಅವಳಿಗೆ ಹೊಳೆಯಲೇ ಇಲ್ಲ.

ಕಾಗದ, ಪೆನ್ನು, ಒಂದು ಸಾದಾ ಕ್ಯಾಲ್ಕುಲೇಟರ್ ಕೊಟ್ಟು ಕೂರಿಸಿದೆ. ಮೊದಲು ಅಂದಾಜು ಮಾಡು ಅಂದೆ. ಮೊದಲ ತಿಂಗಳು ಅಪ್ಪನ ಕೈಯಲ್ಲಿ ಫೈನಾನ್ಸ್‌ನವರ ದುಡ್ಡು 1 ಲಕ್ಷ ಇದೆ. ತಿಂಗಳಿಗೆ ಸುಮಾರು 8,333 ಅಸಲು ವಾಪಸ್ ಹೋಗುತ್ತದೆ. ಕೊನೆಯ ತಿಂಗಳು ಉಳಿದಿರುವುದೇ ಆ 8,333. ವರ್ಷದ ಸರಾಸರಿ ತೆಗೆದರೆ ಎಷ್ಟು? ಅವಳು ಕೂಡಿಸಿ ಭಾಗಿಸಿದಳು. 54 ಸಾವಿರ ಚಿಲ್ಲರೆ. ಅಂದರೆ ಅಪ್ಪ ಬಳಸಿದ್ದು ಸರಾಸರಿ 54 ಸಾವಿರ, ಕೊಟ್ಟ ಬಡ್ಡಿ 12 ಸಾವಿರ. ಶೇಕಡಾ 22ರ ಹತ್ತಿರ! ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು.

ಅಂದಾಜು ಆಯಿತು, ಈಗ ಸರಿಯಾಗಿ ಹಿಡಿಯೋಣ ಅಂದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ, ಯಾವ ದರದಲ್ಲಿ ಕಂತು 9,333 ಬರುತ್ತದೆ? ನೇರ ಸೂತ್ರ ಇಲ್ಲ. ಹಾಕಿ ಹಾಕಿ ನೋಡಬೇಕು. ತಿಂಗಳಿಗೆ ಒಂದೂವರೆ ಪರ್ಸೆಂಟ್ ಹಾಕಿದಳು. ಕಂತು 9,168 ಬಂತು, ಸಾಲದು. 2 ಪರ್ಸೆಂಟ್ ಹಾಕಿದಳು. 9,456, ಜಾಸ್ತಿಯಾಯಿತು. ಹಾಗಾದರೆ ನಡುವೆ ಎಲ್ಲೋ ಇದೆ. 1.8 ಹಾಕಿದಳು. 1.018 ಅನ್ನು ಹನ್ನೆರಡು ಸಲ ಗುಣಿಸಬೇಕು, ಕೈ ನೋಯುತ್ತದೆ. 9,340 ಬಂತು. "ಮೇಡಂ, ಇನ್ನೊಂದು ಕೂದಲೆಳೆಯಷ್ಟು ಕಮ್ಮಿ!" ಅಂದಳು. ವರ್ಷಕ್ಕೆ ಸುಮಾರು ಇಪ್ಪತ್ತೊಂದೂವರೆ ಪರ್ಸೆಂಟ್. ಕಾಗದದ ಮೇಲೆ 12, ಜೇಬಿನಿಂದ ಹೋಗುತ್ತಿದ್ದದ್ದು ಇಪ್ಪತ್ತೊಂದೂವರೆ.

ನಾನು ಹೇಳದೆಯೇ ಬ್ಯಾಂಕಿನ 14ಕ್ಕೂ ಲೆಕ್ಕ ಮಾಡಿದಳು. ಅಲ್ಲಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ಕಂತು 8,979. ವರ್ಷಕ್ಕೆ ಒಟ್ಟು ಬಡ್ಡಿ 7,745. ಜಾಸ್ತಿ ಅಂತ ಬಿಟ್ಟುಬಂದ ಸಾಲ ನಾಲ್ಕು ಸಾವಿರಕ್ಕೂ ಮೀರಿ ಅಗ್ಗವಾಗಿತ್ತು. ಅಪ್ಪ ಮಗಳನ್ನು ನೋಡಿ, "ಇದನ್ನ ಮೊದಲ ಹೇಳಬಾರದಿತ್ತೇನವಾ?" ಅಂದರು. ಪಾಪ, ಅವಳ ಐದು ವರ್ಷದ ಕಾಮರ್ಸ್ ಓದಿನಲ್ಲಿ ಯಾರೂ ಅವಳಿಂದ ಒಂದು ನಿಜವಾದ ಸಾಲದ ಕಾಗದ ಬಿಡಿಸಿರಲಿಲ್ಲ.

ಈಗ ನಿಯಮ ಸ್ವಲ್ಪ ಬದಲಾಗಿದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವವರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಬೇಕು, ಅದರಲ್ಲಿ ವಾರ್ಷಿಕ ನಿಜ ದರ, ಎಪಿಆರ್, ಬರೆದಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಹೊಸದಾಗಿ ಸಾಲ ಮಾಡಿದ್ದರೆ ಆ ಹಾಳೆ ತೆಗೆಯಿರಿ. ದರ ಮುಚ್ಚಿ, ಕಂತಿನಿಂದ ನೀವೇ ಕಂಡುಹಿಡಿಯಿರಿ. ಹೊಂದಿದರೆ ಸರಿ. ಹೊಂದದಿದ್ದರೆ ಶುಲ್ಕ ಎಲ್ಲಿ ಸೇರಿಕೊಂಡಿದೆ ಅಂತ ಹುಡುಕಿ. ಐಆರ್‌ಆರ್ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಈ ಘಟನೆ ಹೇಳುವುದರಲ್ಲೇ ಮುಕ್ಕಾಲು ಪಾಲು ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ದೇಶದ ಅರ್ಥವ್ಯವಸ್ಥೆ ಓದುವಾಗಲೂ ಪೆನ್ನು ಹಿಡಿಯಿರಿ. ವರ್ಷಕ್ಕೆ 6 ಪರ್ಸೆಂಟ್ ಬೆಳೆಯುವ ಆದಾಯ ದುಪ್ಪಟ್ಟಾಗಲು 12 ವರ್ಷ ಬೇಕು, 7 ಆದರೆ ಸುಮಾರು 10 ವರ್ಷ. 72ನ್ನು ಬೆಳವಣಿಗೆ ದರದಿಂದ ಭಾಗಿಸಿದರೆ ಸಾಕು. ಯಾಕೆ 72? ಲಾಗ್ ಹಾಕಿ ನೀವೇ ನೋಡಿ. ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, 2020ರ ಮೇ ತಿಂಗಳಲ್ಲಿ 4 ಇತ್ತು, 2023ರ ಫೆಬ್ರವರಿಗೆ 6.5 ಆಯಿತು. ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುತ್ತೀರಿ, ಅಲ್ವಾ? 20 ಲಕ್ಷದ ಮನೆ ಸಾಲ, 20 ವರ್ಷದ ಅವಧಿ ಇಟ್ಟುಕೊಳ್ಳಿ. ಶೇಕಡಾ 7ಕ್ಕೆ ಕಂತು 15,506. ಅದೇ ಎರಡೂವರೆ ಏರಿ ಒಂಬತ್ತೂವರೆ ಆದರೆ 18,643. ತಿಂಗಳಿಗೆ ಮೂರು ಸಾವಿರ ಹೆಚ್ಚಾದರೆ ಆ ಮನೆಯವರು ಯಾವ ಖರ್ಚು ಬಿಡುತ್ತಾರೆ? ಹಣಕಾಸು ನೀತಿ ಕೆಲಸ ಮಾಡುವುದೇ ಅಲ್ಲಿ.

ನಮ್ಮ ರಾಜ್ಯದ ಒಂದು ಉದಾಹರಣೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳಿತು. ಹೇಗೆ ಹೇಳಿತು? 35 ಸೂಚಕಗಳನ್ನು ಸೇರಿಸಿ ಒಂದು ಸಂಖ್ಯೆ ಮಾಡಿತು. 1ಕ್ಕಿಂತ ಕೆಳಗಿದ್ದ ತಾಲ್ಲೂಕು ಹಿಂದುಳಿದದ್ದು. ಭಾಷಣದಲ್ಲಿ ಆ ವರದಿಯ ಹೆಸರು ಹೇಳುವವರು ಬಹಳ ಜನ, ಆ ಸಂಖ್ಯೆ ಹೇಗೆ ಬಂತು ಅಂತ ಕೂತು ನೋಡಿದವರು ಕಡಿಮೆ. ನೀವು ನೋಡಿ. ನಾಲ್ಕೈದು ಸೂಚಕ ತೆಗೆದುಕೊಂಡು ನಿಮ್ಮ ಜಿಲ್ಲೆಯ ತಾಲ್ಲೂಕುಗಳಿಗೆ ಇಂಥದೇ ಪಟ್ಟಿ ಮಾಡಿ. ಒಂದು ಸೂಚಕದ ತೂಕ ಸ್ವಲ್ಪ ಬದಲಿಸಿ, ಯಾವ ತಾಲ್ಲೂಕು ಮೇಲೆ ಹೋಯಿತು, ಯಾವುದು ಕೆಳಗೆ ಬಂತು ನೋಡಿ. ಸಂಖ್ಯಾಶಾಸ್ತ್ರದ ಒಂದು ತಿಂಗಳ ಪಾಠ ಅಲ್ಲೇ ಆಗುತ್ತದೆ.

ಬಳ್ಳಾರಿಯಿಂದ ಲೋಕಸಭೆಗೆ ಹೋದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರ ಹೆಸರು ಕೇಳಿದ್ದೀರಿ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, 1972ರಲ್ಲಿ ಬೆಂಗಳೂರಿನ ಸಂಶೋಧನಾ ಸಂಸ್ಥೆ ಐಸೆಕ್ ಕಟ್ಟಿದವರು. ಅವರು 1931-32ರ ಭಾರತದ ರಾಷ್ಟ್ರೀಯ ಆದಾಯ ಅಂದಾಜು ಮಾಡಿದಾಗ ಎಕ್ಸೆಲ್ ಇತ್ತಾ?

ಎಕ್ಸೆಲ್ ಅಂದೆ. ಹೌದು, ಎಕ್ಸೆಲ್ ಕಲಿಯಿರಿ, ಆರ್ ಕಲಿಯಿರಿ. ಆರ್ ಅನ್ನುವುದು ಅಂಕಿಅಂಶದ ಸಾಫ್ಟ್‌ವೇರ್, ಉಚಿತ. ಆದರೆ ರಿಗ್ರೆಷನ್, ಅಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಲೆಕ್ಕ, ಒಂದನ್ನು ಐದಾರು ಅಂಕಿ ಇಟ್ಟುಕೊಂಡು ಮೊದಲು ಕೈಯಲ್ಲಿ ಮಾಡಿ, ಆಮೇಲೆ ಬಟನ್ ಒತ್ತಿ. ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರುತ್ತೀರಿ. ಬೇಡ. ಸಮೀಕರಣಕ್ಕೆ ಮಾಧ್ಯಮ ಇಲ್ಲ. ಲೆಕ್ಕ ಬಂದವನ ಇಂಗ್ಲಿಷ್ ಒಂದು ಸೆಮಿಸ್ಟರಿನಲ್ಲಿ ಸುಧಾರಿಸುತ್ತದೆ, ನಾನು ನೋಡಿದ್ದೇನೆ. ಓದಲಿಕ್ಕೆ ಕೇಂದ್ರದ ಆರ್ಥಿಕ ಸಮೀಕ್ಷೆ ಇದೆ, ರಾಜ್ಯದ್ದೂ ಇದೆ. ಕೋಷ್ಟಕ ಮೊದಲು, ವಿವರಣೆ ಆಮೇಲೆ.

ಕೊನೆಗೆ ಶಿಕ್ಷಣ ಸಾಲ. ಇದು ಅಪ್ಪ, ಅಮ್ಮಂದಿರಿಗೂ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅಂತ ಬ್ಯಾಂಕಿನವರು ಹೇಳುತ್ತಾರೆ. ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. 5 ಲಕ್ಷ ಸಾಲವನ್ನು ಶೇಕಡಾ 10ಕ್ಕೆ, ಪೂರ್ತಿ ಶುರುವಿನಲ್ಲೇ ತೆಗೆದುಕೊಂಡಿರಿ ಅಂದುಕೊಳ್ಳಿ. ವರ್ಷಕ್ಕೆ ಬಡ್ಡಿ 50 ಸಾವಿರ. ಎರಡು ವರ್ಷದ ಓದು, ಮೇಲೆ ಒಂದು ವರ್ಷ, ಒಟ್ಟು ಒಂದೂವರೆ ಲಕ್ಷ. ಕಂತು ಶುರುವಾಗುವ ದಿನ ನಿಮ್ಮ ಸಾಲ ಆರೂವರೆ ಲಕ್ಷ. ಓದುವಾಗಲೂ, ಆಮೇಲಿನ ಆ ಒಂದು ವರ್ಷವೂ ತಿಂಗಳಿಗೆ 4,167 ರೂಪಾಯಿ ಬಡ್ಡಿ ಕಟ್ಟುತ್ತಾ ಹೋದರೆ ಅದು 5 ಲಕ್ಷದಲ್ಲೇ ನಿಲ್ಲುತ್ತದೆ. ಅಷ್ಟು ಕಟ್ಟಲು ಆಗುತ್ತಾ, ಇಲ್ಲವಾ? ಸಹಿ ಹಾಕುವ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ಕಾಗದದ ಮೇಲೆ ಬರೆಯುವ ಕೆಲಸ ಮಾತ್ರ ಎಂ.ಎ. ಸೇರುವವರೇ ಮಾಡಲಿ.

ನಮಸ್ಕಾರ.